ಸತ್ಯಾಂಶ: ಪೊಲೀಸರ ಎದೆಯ ಮೇಲೆ ಕ್ಯಾಮೆರಾ ಇಲ್ಲದಿದ್ದರೆ ದಂಡ ಕಟ್ಟಬೇಕಿಲ್ಲವೇ?

‘ಎದೆಗೆ ಕ್ಯಾಮೆರಾ ಧರಿಸದ ಪೊಲೀಸರು ಗಾಡಿ ತಡೆದು ಹಾಕಿದ ದಂಡ ಕಾನೂನಿನ ಪ್ರಕಾರ ಅಸಿಂಧು, ಕಟ್ಟಬೇಡಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ವಿಜಯಪುರದ ಗಾಂಧಿ ಚೌಕದಲ್ಲಿ, ಹೆಲ್ಮೆಟನ್ನು ಬೈಕಿನ ಕನ್ನಡಿಗೆ ನೇತುಹಾಕಿಕೊಂಡು ಬಂದ ಸವಾರನೊಬ್ಬ ಇದನ್ನೇ ಪೇದೆಯ ಮುಂದೆ ಹಿಡಿದದ್ದನ್ನು ಕಂಡಿದ್ದೇನೆ. ಸಂದೇಶ ತಪ್ಪು.

1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕ ಲೈಸೆನ್ಸ್ ತೋರಿಸಬೇಕು. ಅಲ್ಲಿ ಸಮವಸ್ತ್ರದ ಮಾತಿದೆಯೇ ಹೊರತು ಕ್ಯಾಮೆರಾದ ಮಾತಿಲ್ಲ. ಗೊಂದಲದ ಮೂಲ ಬಹುಶಃ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮವಿರಬೇಕು. ವೇಗ ಅಳೆಯುವ ಕ್ಯಾಮೆರಾ, ಸಿಸಿಟಿವಿಗಳ ಜೊತೆಗೆ ಮೈಮೇಲೆ ಧರಿಸುವ ಕ್ಯಾಮೆರಾವನ್ನೂ ಅದು ಹೆಸರಿಸುತ್ತದೆ ಮತ್ತು ಅವುಗಳ ದೃಶ್ಯ ಆಧರಿಸಿದ ಚಲನ್‌ನ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕೆನ್ನುತ್ತದೆ. ಕ್ಯಾಮೆರಾ ಇಲ್ಲದೆ ಪ್ರಕರಣವೇ ನಿಲ್ಲದು ಎಂದು ಅದು ಹೇಳುವುದಿಲ್ಲ.

ಸಂದೇಶಕ್ಕೆ ತುಸು ಹತ್ತಿರದ ಸತ್ಯ ಬೇರೆಡೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧಗಳ ತನಿಖೆ–ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ದೃಶ್ಯ–ಧ್ವನಿಯಲ್ಲಿ ದಾಖಲಿಸಬೇಕೆನ್ನುತ್ತದೆ. ಅದಕ್ಕೂ ಮೊಬೈಲ್ ಫೋನ್ ಸಾಕು. ಲೈಸೆನ್ಸ್ ಕೇಳುವುದು ಶೋಧವಲ್ಲ.

ಪೊಲೀಸರಿಗೆ ಕ್ಯಾಮೆರಾ ಕಡ್ಡಾಯ ಮಾಡಿದ ಕಾನೂನುಗಳು ಅಮೆರಿಕದಲ್ಲಿವೆ, ದಕ್ಷಿಣ ಕೆರೊಲಿನಾ 2015ರಲ್ಲೇ ಮಾಡಿತು. ಆದರೆ ಅವು ಆಯಾ ರಾಜ್ಯದವು. ನಮ್ಮಲ್ಲಿ ಚಲನ್ ಒಪ್ಪದವರು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.