ಬೆರಳ ಗೆಣ್ಣಿನ ಲೆಕ್ಕ

ಹೈಸ್ಕೂಲಿನಲ್ಲಿ ಛಂದಸ್ಸು ಅಂದರೆ ನನಗೆ ಗೀಟು ಮತ್ತು ಬಟ್ಟಲು. ಗುರುವಿಗೆ ಗೀಟು, ಲಘುವಿಗೆ ಬಟ್ಟಲು. 'ಗುರು ಲಘು ಮೂರಿರೆ ಮನಗಣ' ಅಂತ ರಾಗವಾಗಿ ಒದರಿ, ಮಾರ್ಕು ತಗೊಂಡು ಮರೆತಿದ್ದೆ.

ಮೊನ್ನೆ ಸುಮ್ನೆ ಕುತೂಹಲಕ್ಕೆ ಲ್ಯಾಟಿನ್ ಕವಿ ವರ್ಜಿಲನ ಒಂದು ಸಾಲು ಹಿಡಿದು ಕೂತೆ. ಕ್ರಿ.ಪೂ. 19ರಲ್ಲಿ ತೀರಿಕೊಂಡವನು. ಕುದುರೆಯ ಗೊರಸು ಬಯಲನ್ನು ನಡುಗಿಸುವ ಸಾಲು ಅದು: 'ಕ್ವದ್ರುಪೆದಂತೆ ಪುತ್ರೆಂ ಸೊನಿತೂ ಕ್ವತಿತುಂಗುಲ ಕಂಪುಂ.' ಗೀಟು ಹಾಕಿದೆ. ಗುರು ಲಘು ಲಘು, ಗುರು ಲಘು ಲಘು... ಅರೆ, ನಮ್ಮ ಭಗಣ! ಸಾಲಾಗಿ ಐದು. ಕೊನೆಗೆ ಎರಡು ಗುರು. ಎಲ್ಲಾ ನಾಲ್ಕು ಮಾತ್ರೆಯ ಗಣಗಳೇ, ಕಂದಪದ್ಯದ ಹಾಗೆ. ಟಕಟಕ ಟಕಟಕ ಅಂತ ಕುದುರೆ ಓಡಿಯೇ ಬಿಟ್ಟಿತು.

'ಪುತ್ರೆಂ' ಹತ್ತಿರ ಮಾತ್ರ ಎಡವಿದೆ. ಒತ್ತಕ್ಷರದ ಹಿಂದಿನ 'ಪು' ಗುರು ಆಗಬೇಕಿತ್ತಲ್ವಾ? ಹಳಗನ್ನಡದ ಶಿಥಿಲದ್ವಿತ್ವದಂಥ ರಿಯಾಯಿತಿ ಅವರಲ್ಲೂ ಉಂಟು. ಒತ್ತಿನಲ್ಲಿ ರಕಾರ ಬಂದರೆ ಹಿಂದಿನದನ್ನು ಲಘುವಾಗಿಯೂ ಹಿಡಿಯಬಹುದು. ಅದೇ ಸಾಲಿನ ಮೊದಲಲ್ಲಿ 'ದ್ರು'ವಿನ ಹಿಂದಿನ 'ಕ್ವ' ಗುರು, ಇಲ್ಲಿ 'ಪು' ಲಘು. ಕವಿಗೆ ಬೇಕಾದ ಹಾಗೆ!

ಈ ಗಣಕ್ಕೆ ಅವರು ಇಟ್ಟ ಹೆಸರು ಡ್ಯಾಕ್ಟಿಲ್. ಮೂಲ ಗ್ರೀಕಿನಲ್ಲಿ ಬೆರಳು ಅಂತ ಅರ್ಥ. ನಿಮ್ಮ ತೋರುಬೆರಳು ನೋಡಿಕೊಳ್ಳಿ: ಉದ್ದದ ಗೆಣ್ಣು ಒಂದು, ಗಿಡ್ಡವು ಎರಡು.

ಲ್ಯಾಟಿನ್ನಿನಲ್ಲಿ 'ಮಲುಂ' ಅಂದರೆ ಕೇಡು, 'ಮಾಲುಂ' ಅಂದರೆ ಸೇಬು. ನಮ್ಮ ಬಳೆ, ಬಾಳೆಯ ಹಾಗೆ. ಮುಂದೆ ಆಡುಮಾತಿನಲ್ಲಿ ಈ ಹ್ರಸ್ವ ದೀರ್ಘದ ಭೇದ ಅಳಿಸಿಹೋಯಿತು. ಹಾಗಾಗಿ ಆ ಗೀಟು ಬಟ್ಟಲಿನ ಆಸ್ತಿ ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚಿನಂಥ ಮಕ್ಕಳ ಕೈಗೆ ಬರಲಿಲ್ಲ. ಅವರು ಅಕ್ಷರ ಎಣಿಸಿಕೊಂಡು ಪದ್ಯ ಕಟ್ಟಿದರು.

ಎಣಿಕೆ ಸುಲಭ ಅಂದುಕೊಂಡಿರಾ? ಸ್ಪ್ಯಾನಿಷಿನಲ್ಲಿ ಸಾಲಿನ ಕೊನೆಗೆ ತರಕಾರಿ ಅಂಗಡಿಯ ವ್ಯವಹಾರ ಇದೆ. 'ಕೊರಸೋನ್' ಅಂದರೆ ಹೃದಯ, ಮೂರಕ್ಷರ. ಉಚ್ಚಾರದಲ್ಲಿ ದನಿಯ ಒತ್ತು ಕೊನೆಯ ಅಕ್ಷರಕ್ಕೆ ಬಿದ್ದಿದೆ, ಅದಕ್ಕೆ ಒಂದು ಕೊಸರು ಸೇರಿಸಿ ನಾಲ್ಕು ಅನ್ನಬೇಕು! 'ಮೂಸಿಕಾ', ಅಂದರೆ ಸಂಗೀತ, ಅದೂ ಮೂರಕ್ಷರವೇ. ಆದರೆ ಒತ್ತು ಜಾಸ್ತಿ ಹಿಂದಕ್ಕೆ, ಮೊದಲ ಅಕ್ಷರಕ್ಕೆ ಹೋಗಿದೆ. ಅಲ್ಲಿ ಒಂದು ಮುರಿದುಕೊಂಡು ಎರಡು. ನಿಯಮ ಬಾಯಿಪಾಠ ಆಗಿದೆ, ಆದರೂ 'ಮೂಸಿಕಾ' ಬಂದಾಗಲೆಲ್ಲ ನನ್ನ ಹೆಬ್ಬೆರಳು ಮೂರನೇ ಗೆಣ್ಣಿಗೆ ಹೋಗಿ ನಾಚಿಕೊಂಡು ವಾಪಸ್ಸು ಬರುತ್ತದೆ.