ಬೀಗರ ಬಿಜಿನೆಸ್ ಕ್ಲಾಸ್

ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆಗೆ ಬರುವ ನಮ್ಮ ಗುಂಪು ಕೆಲವು ತಿಂಗಳಿಂದ ಎರಡು ಹೋಳಾಗಿದೆ. ಒಂದಕ್ಕೆ ದುಬೈ ಪಕ್ಷವೆಂದೂ ಇನ್ನೊಂದಕ್ಕೆ ದೋಹಾ ಪಕ್ಷವೆಂದೂ ಹೆಸರು. ಜಾತಿ, ಚುನಾವಣೆ, ತೊಗರಿಯ ಧಾರಣೆ ಇವು ಮೂರೂ ಸೇರಿ ಇಷ್ಟು ವರ್ಷ ಮಾಡಲಾಗದ ಕೆಲಸವನ್ನು ಇಬ್ಬರು ಬೀಗರು ಒಂದೇ ಬಾಣಂತನದಲ್ಲಿ ಮಾಡಿ ಮುಗಿಸಿದರು.

ಒಬ್ಬರು ದಾಲ್ ಮಿಲ್ ಮಾಲೀಕರು, ಇನ್ನೊಬ್ಬರು ನಿವೃತ್ತ ಉಪನ್ಯಾಸಕರು. ಮಿಲ್ಲಿನವರ ಮಗ, ಉಪನ್ಯಾಸಕರ ಮಗಳು ಮದುವೆಯಾಗಿ ಅಮೆರಿಕದ ಡಲ್ಲಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಮಗು ಹುಟ್ಟುವ ಹೊತ್ತಿಗೆ ಮೊದಲ ಸರದಿ ಹೆಣ್ಣಿನ ತಾಯಿಯದು. ತಾಯಿಗೆ ಮೊಣಕಾಲು ನೋವಿದೆಯೆಂದು ಮಗಳು ಅಪ್ಪ ಅಮ್ಮ ಇಬ್ಬರಿಗೂ ದೋಹಾ ಮಾರ್ಗದ ಕತಾರ್ ಏರ್‌ವೇಸಿನ ಬಿಜಿನೆಸ್ ಕ್ಲಾಸ್ ಟಿಕೆಟ್ ತೆಗೆಸಿದಳು. ಈ ಸುದ್ದಿ ದಾಲ್ ಮಿಲ್ಲಿಗೆ ತಲುಪಿದ ರಾತ್ರಿ ಅಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವೆಂದು ಕೇಳಿದ್ದೇನೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗಿಂತ ಹಿಂದಿನ ಸಾಲಿನಲ್ಲಿ ಕೂಡುವುದೆಂದರೇನು? ಅದು ಬೇರೆ ವಿಮಾನ, ಬೇರೆ ತಿಂಗಳು, ಬೇರೆ ದಾರಿ ಎಂಬ ಸಮಾಧಾನ ಬೀಗತನದಲ್ಲಿ ನಡೆಯುವುದಿಲ್ಲ. ಹೀಗಾಗಿ ಮಗ ತನ್ನ ತಂದೆ, ತಾಯಿ ಮತ್ತು ಎಂಬತ್ತು ದಾಟಿದ ಅಜ್ಜಿಗೆ ದುಬೈ ಮಾರ್ಗದ ಎಮಿರೇಟ್ಸಿನ ಬಿಜಿನೆಸ್ ಕ್ಲಾಸ್ ಟಿಕೆಟ್ ತೆಗೆಸಬೇಕಾಯಿತು. ಮಿಲ್ಲಿನ ವ್ಯವಹಾರವನ್ನು ಮೂರು ತಿಂಗಳು ಗುಮಾಸ್ತರ ಕೈಗೆ ಬಿಟ್ಟು ಹೋಗುವ ಪ್ರಯಾಣಕ್ಕೆ ಬಿಜಿನೆಸ್ ಕ್ಲಾಸ್ ಎಂಬ ಹೆಸರು ಏಕೆ ಬಂತೆಂದು ಅಜ್ಜಿ ಕೇಳಿದರಂತೆ, ಉತ್ತರ ಸಿಕ್ಕಿರಲಿಕ್ಕಿಲ್ಲ.

ಇಬ್ಬರೂ ಮರಳಿ ಬಂದ ಮೇಲೆ ಕೆರೆಯ ದಂಡೆಯಲ್ಲಿ ತುಲನಾತ್ಮಕ ಅಧ್ಯಯನ ಆರಂಭವಾಯಿತು. ಎರಡೂ ವಿಮಾನಗಳನ್ನು ನಾನು ಒಳಗಿನಿಂದ ನೋಡಿಲ್ಲವಾದ್ದರಿಂದ ನಿಷ್ಪಕ್ಷಪಾತಿಯೆಂದು ತೀರ್ಮಾನಿಸಿ ನನ್ನನ್ನೇ ಪಂಚನಾಗಿ ಕೂಡಿಸಿದರು.

ದುಬೈ ಬೀಗರ ಮೊದಲ ಅಸ್ತ್ರ ಬಾರ್. ಎಮಿರೇಟ್ಸಿನ ಎ380 ವಿಮಾನದ ಮೇಲಂತಸ್ತಿನ ಹಿಂಬದಿಯಲ್ಲಿ ಅರ್ಧಚಂದ್ರಾಕಾರದ ಬಾರ್ ಇರುವುದೂ, ಅಲ್ಲಿ ಪ್ರಯಾಣಿಕರು ನಿಂತು ಹರಟೆ ಹೊಡೆಯುವುದೂ, ಅದೇ ವಿಮಾನದ ಮುಂಬದಿಯಲ್ಲಿ ಸ್ನಾನದ ಶವರ್ ಇರುವುದೂ ನಿಜವೇ. ಆದರೆ ಶವರ್ ಇರುವುದು ಫಸ್ಟ್ ಕ್ಲಾಸಿನವರಿಗೆ. ನಮ್ಮ ಬೀಗರು ಹೋದದ್ದು ಬೋಯಿಂಗ್ 777ರಲ್ಲಿ, ಆ ಬಾರ್ ಅದರಲ್ಲಿ ಇರಲೇ ಇಲ್ಲ. ಇದೆಲ್ಲಕ್ಕಿಂತ ಮುಖ್ಯವಾಗಿ ಅವರು ಇಷ್ಟಲಿಂಗ ಕಟ್ಟಿಕೊಂಡು ಹುಟ್ಟಿದಂದಿನಿಂದ ಮಜ್ಜಿಗೆಗಿಂತ ಗಟ್ಟಿಯಾದ ಏನನ್ನೂ ಕುಡಿದವರಲ್ಲ. ತಾವು ಹತ್ತದ ವಿಮಾನದಲ್ಲಿರುವ, ತಾವು ಕುಡಿಯದ ಪದಾರ್ಥದ ಕಟ್ಟೆಯ ಬಗ್ಗೆ ಅವರು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತ ವಾದಿಸುವಾಗಿನ ಆವೇಶವನ್ನು ನೋಡಬೇಕು. ದೋಹಾ ಬೀಗರು ಉಪನ್ಯಾಸಕರಲ್ಲವೇ, ಅಂಕಿಗಳಲ್ಲೇ ಉತ್ತರಿಸಿದರು. ಸ್ಕೈಟ್ರಾಕ್ಸ್ ಎಂಬ ಸಂಸ್ಥೆ ಕೊಡುವ ವರ್ಷದ ಅತ್ಯುತ್ತಮ ವಿಮಾನ ಸಂಸ್ಥೆ ಪ್ರಶಸ್ತಿಯನ್ನು ಕತಾರ್ 2025ರವರೆಗೆ 9 ಸಲ ಪಡೆದಿದೆ, ಎಮಿರೇಟ್ಸ್ 4 ಸಲ, ಅದೂ ಕೊನೆಯ ಸಲ 2016ರಲ್ಲಿ. ಅದಕ್ಕೆ ಮಿಲ್ಲಿನವರು, "ಪ್ರಶಸ್ತಿ ಹೆಂಗ ಬರ್ತಾವ ಅನ್ನೋದು ನಮ್ಮ ಊರಾಗ ಯಾರಿಗಿ ಗೊತ್ತಿಲ್ರಿ?" ಎಂದರು. ನವೆಂಬರ್ 1 ಸಮೀಪಿಸಿದ್ದರಿಂದ ಆ ಮಾತಿಗೆ ಯಾರೂ ಎದುರಾಡಲಿಲ್ಲ.

ನಿಜವಾದ ಕದನ ನಡೆದದ್ದು ಬಾಗಿಲಿನ ಮೇಲೆ. 2017ರಲ್ಲಿ ಕತಾರ್ ಏರ್‌ವೇಸ್ ಕ್ಯೂಸೂಟ್ ಎಂಬ ಆಸನವನ್ನು ತಂದಿತು. ಪ್ರತಿ ಆಸನಕ್ಕೂ ಜಾರುಬಾಗಿಲು; ಮಧ್ಯದ ಎರಡು ಆಸನಗಳ ನಡುವಿನ ತಡಿಕೆ ಇಳಿಸಿದರೆ ಇಬ್ಬರ ಹಾಸಿಗೆ; ನಾಲ್ಕು ಆಸನಗಳ ತಡಿಕೆ ಸರಿಸಿದರೆ ನಾಲ್ವರು ಎದುರುಬದುರು ಕೂತು ಉಣ್ಣುವ ಮನೆ. ಆ ಸಂಸ್ಥೆಯ ಕೆಲವು ವಿಮಾನಗಳಲ್ಲಿ ಇದು ಇಲ್ಲವೆಂಬುದನ್ನು ದೋಹಾ ಬೀಗರು ಬೇಗಬೇಗ ಹೇಳಿ ಮುಂದೆ ಹೋಗುತ್ತಾರೆ. ಬಾಗಿಲೆಂದರೆ ನಮ್ಮ ಮನೆಯ ತಲೆಬಾಗಿಲಿನಂತೆ ಅಲ್ಲ, ನಿಂತವರ ಎದೆಮಟ್ಟದ್ದು. ಗಗನಸಖಿ ಮೇಲಿನಿಂದಲೇ ಇಣುಕಿ ಚಹಾ ಬೇಕೇ ಎಂದು ಕೇಳಬಹುದು. ಆದರೂ ಜಗತ್ತಿನ ವಿಮಾನ ವಿಮರ್ಶಕರೆಲ್ಲ ಈ ಬಾಗಿಲನ್ನು ಮನುಷ್ಯ ಕುಲದ ಮಹತ್ಸಾಧನೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಇದರ ನಿಜವಾದ ಪರೀಕ್ಷೆಯಾದದ್ದು ದೋಹಾ ಬೀಗಿತಿಯವರ ಕೈಯಲ್ಲಿ. ಅವರು ಬಾಗಿಲನ್ನು ಒಮ್ಮೆಯೂ ಹಾಕಲಿಲ್ಲವಂತೆ. "ಬಾಗಿಲಾ ಮುಚ್ಚಿಕೊಂಡು ಮಲಗಲಿಕ್ಕೆ ನಾ ಏನ್ ಬಾಣಂತಿ ಆಗೀನೇನ್ರಿ?" ಎಂಬುದು ಅವರ ಪ್ರಶ್ನೆ. ಯಾರು ಬಂದರು, ಯಾರು ಹೋದರು ಎಂಬುದು ಕಾಣದ ಜಾಗದಲ್ಲಿ ಹದಿನೈದು ತಾಸು ಕಳೆಯಲು ಜನ ಲಕ್ಷಗಟ್ಟಲೆ ಕೊಡುತ್ತಾರೆಂಬುದನ್ನು ಅವರು ಇನ್ನೂ ನಂಬಿಲ್ಲ.

ಇತ್ತ ಎಮಿರೇಟ್ಸಿನ ಹಳೆಯ 777ಗಳ ಬಿಜಿನೆಸ್ ಕ್ಲಾಸಿನಲ್ಲಿ ಒಂದು ಸಾಲಿಗೆ ಎರಡು, ಮೂರು, ಎರಡು ಎಂದು ಏಳು ಆಸನಗಳು. ಅಂದರೆ ಅಷ್ಟು ಹಣ ಕೊಟ್ಟವನಿಗೂ ನಟ್ಟನಡುವಿನ ಸೀಟು ಬರಬಹುದು, ಕಿಟಕಿಯ ಪಕ್ಕದವನು ಮಲಗಿದವರ ಕಾಲು ದಾಟಿ ಶೌಚಾಲಯಕ್ಕೆ ಹೋಗಬೇಕಾಗಬಹುದು. ವಿಮರ್ಶಕರು ಇದನ್ನು ಬರೆಯುವಾಗ ಅವರ ದನಿ ನಡುಗುತ್ತದೆ; ಸಂಸ್ಥೆಯೂ ಈಗ ಒಂದೊಂದೇ ವಿಮಾನವನ್ನು ಶೆಡ್ಡಿಗೆ ಕಳಿಸಿ ಸಾಲಿಗೆ ನಾಲ್ಕೇ ಆಸನ ಇರುವಂತೆ ಬದಲಿಸುತ್ತಿದೆ. ದುಬೈ ಬೀಗರಿಗೆ ಸಿಕ್ಕದ್ದು ಹಳೆಯದು. ಅವಮಾನದ ಆ ನಡುಸೀಟಿನಲ್ಲಿ ಕೂತವರು ಅಜ್ಜಿ. ಅವರ ವಿಮರ್ಶೆಯನ್ನು ಮಾತ್ರ ಯಾವ ವಿಡಿಯೊದಲ್ಲೂ ಕೇಳಲಾರಿರಿ: "ಆ ಕಡಿ ಮಗ, ಈ ಕಡಿ ಸೊಸಿ, ನಡಬರಕ ನಾ. ಇನ್ನೇನ್ ಬೇಕೋ ಯಪ್ಪಾ?" ಈ ಹೇಳಿಕೆ ತಮ್ಮ ಪಕ್ಷಕ್ಕೆ ಅನುಕೂಲವೋ ಪ್ರತಿಕೂಲವೋ ಎಂದು ತಿಳಿಯದೆ ಮಿಲ್ಲಿನವರು ಅದನ್ನು ಅರ್ಧ ಮಾತ್ರ ಉದ್ಧರಿಸುತ್ತಾರೆ.

ಇಷ್ಟಕ್ಕೂ ಇವರು ಹೇಳುವ ಮುಖ್ಯ ಸುಖ ಏನು? ಆಸನ ಪೂರ್ತಿ ಚಪ್ಪಟೆಯಾಗಿ ಮಲಗಲು ಬರುತ್ತದೆ ಎಂಬುದು. ಮಲಗಿಕೊಂಡು ಪ್ರಯಾಣ ಮಾಡುವುದನ್ನು ಕಲಬುರಗಿಯವರಿಗೆ ಯಾರಾದರೂ ಕಲಿಸಬೇಕೇ? ಪ್ರತಿ ರಾತ್ರಿ ಬೆಂಗಳೂರಿನ ಕಡೆ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಒಂದು ಬದಿ ಜೋಡಿ ಹಾಸಿಗೆ, ಇನ್ನೊಂದು ಬದಿ ಒಂಟಿ ಹಾಸಿಗೆ, ಪ್ರತಿಯೊಂದಕ್ಕೂ ಪರದೆ. ಕ್ಯೂಸೂಟಿನ ಜೋಡಿ ಹಾಸಿಗೆಯಲ್ಲಿ ಪಕ್ಕದವರು ಗುರುತಿನವರೇ ಆಗಿರಬೇಕೆಂಬ ನಿರ್ಬಂಧವುಂಟು. ನಮ್ಮ ಬಸ್ಸಿನಲ್ಲಿ ಅಂಥ ಸಂಕುಚಿತ ಮನೋಭಾವವಿಲ್ಲ. ನಮ್ಮ ಸಾರಿಗೆ ನಿಗಮವಂತೂ ತನ್ನ ಸ್ಲೀಪರ್ ಬಸ್ಸಿಗೆ ಅಮೋಘವರ್ಷನ ಹೆಸರಿಟ್ಟಿದೆ. ಇಲ್ಲೇ ಮಳಖೇಡದಲ್ಲಿ ಕೂತು ರಾಷ್ಟ್ರಕೂಟ ಸಾಮ್ರಾಜ್ಯ ಆಳಿದ ದೊರೆಯ ಹೆಗಲ ಮೇಲೆ ಮಲಗಿ ಹೋಗುವ ಭಾಗ್ಯ ಯಾವ ಫಸ್ಟ್ ಕ್ಲಾಸಿನಲ್ಲಿದೆ?

ಊಟದ ವಿಷಯದಲ್ಲಿ ಒಂದು ಘಟನೆ ನಡೆಯಿತು. ಯಾವ ಬೀಗರು, ಯಾವ ವಿಮಾನ ಎಂದು ಹೇಳುವುದಿಲ್ಲವೆಂದು ಭಾಷೆ ಕೊಟ್ಟಿದ್ದೇನೆ. ಮೊದಲೇ ವಿಶೇಷ ಊಟ ಬರೆಸಬಹುದೆಂದು ತಿಳಿದು ಅವರು ಪಟ್ಟಿಯಲ್ಲಿ "ಹಿಂದೂ ಊಟ" ಎಂಬುದನ್ನು ಕಂಡು, ಧರ್ಮಕ್ಕೂ ಹೊಟ್ಟೆಗೂ ಒಪ್ಪುವುದು ಇದೇ ಎಂದು ಗುರುತು ಹಾಕಿದರು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ, ಬಿಳಿ ಮೇಜುವಸ್ತ್ರದ ಮೇಲೆ, ಪಿಂಗಾಣಿ ತಟ್ಟೆಯಲ್ಲಿ ಬಂದದ್ದು ಕೋಳಿ. ವಿಮಾನಯಾನದ ಭಾಷೆಯಲ್ಲಿ ಎಚ್‌ಎನ್‌ಎಂಎಲ್ ಎಂಬ ಸಂಕೇತದ ಹಿಂದೂ ಊಟವೆಂದರೆ ದನ, ಹಂದಿ ಬಿಟ್ಟ ಮಾಂಸದೂಟ. ಸಸ್ಯಾಹಾರಿಗಳು ಬರೆಸಬೇಕಾದದ್ದು ಎವಿಎಂಎಲ್ ಎಂಬ ಏಷ್ಯಾದ ಸಸ್ಯಾಹಾರಿ ಊಟವನ್ನು. ಇದು ಒಂದು ಸಂಸ್ಥೆಯ ತಪ್ಪಲ್ಲ, ಜಗತ್ತಿನ ವಿಮಾನಗಳೆಲ್ಲ ಒಪ್ಪಿಕೊಂಡ ಸಂಕೇತ. ಹಿಂದೂ ಎಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಟಿವಿ ಚರ್ಚೆಗಳಲ್ಲಿ ಇಷ್ಟು ವರ್ಷ ಸಿಗದ ಉತ್ತರವನ್ನು ವಿಮಾನದ ಅಡುಗೆಯವರು ನಾಲ್ಕು ಅಕ್ಷರಗಳಲ್ಲಿ ಮುಗಿಸಿದ್ದಾರೆ. ಬೀಗರು ಕೈಚೀಲದಿಂದ ಕಟಕ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ತೆಗೆದು, ಗಗನಸಖಿಯಿಂದ ಮೊಸರು ಮಾತ್ರ ಇಸಿದುಕೊಂಡು ಉಂಡರು. ಪ್ರಯಾಣದಲ್ಲಿ ತಮಗೆ ಅತ್ಯಂತ ರುಚಿಸಿದ ಊಟ ಅದೇ ಎಂದು ಇಬ್ಬರಲ್ಲೊಬ್ಬರು ಒಪ್ಪಿಕೊಂಡಿದ್ದಾರೆ.

ರೊಟ್ಟಿಯ ಮಾತು ಬಂದದ್ದರಿಂದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೆರಿಕಕ್ಕೆ ಹೋಗುವಾಗ ಎರಡೂ ಸಂಸ್ಥೆಗಳ ಬಿಜಿನೆಸ್ ಕ್ಲಾಸಿನವರು ತಲಾ 32 ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದು. ಸಾಮಾನ್ಯ ದರ್ಜೆಯವರಿಗೆ ರೂಢಿಯ ಮಿತಿ 23 ಕಿಲೋದ ಎರಡು. ಹೆಚ್ಚಿಗೆ ಸಿಕ್ಕದ್ದು 18 ಕಿಲೋ. ಟಿಕೆಟ್ಟಿನ ವ್ಯತ್ಯಾಸ ಎರಡು ಲಕ್ಷ ರೂಪಾಯಿ ಎಂದು ಹಿಡಿದರೂ, ಆ 18 ಕಿಲೋ ರೊಟ್ಟಿ, ತೊಗರಿಬೇಳೆ, ಶೇಂಗಾ ಹೋಳಿಗೆಗೆ ಕಿಲೋಗೆ 11,000 ರೂಪಾಯಿ ಸಾಗಣೆ ಬಿತ್ತು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗಲೂ ನಮ್ಮ ರೈತರು ಇಂಥ ಧಾರಣೆಯನ್ನು ಕನಸಿನಲ್ಲೂ ಕಂಡಿರಲಿಲ್ಲ. ಬೇಳೆಯ ವ್ಯಾಪಾರದಲ್ಲೇ ಕೂದಲು ನೆರೆಸಿಕೊಂಡ ದುಬೈ ಬೀಗರು ಇದನ್ನು ಕೇಳಿ ಒಂದು ಸುತ್ತು ಮೌನವಾಗಿ ನಡೆದರು.

ನಾನು ಗಮನಿಸಿದ್ದು ಬೇರೊಂದು. ಇಬ್ಬರ ವರದಿಯೂ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಿಂದಲೇ ಆರಂಭವಾಗುತ್ತದೆ. ಕಲಬುರಗಿಯ ತಮ್ಮ ಮನೆಗಳಿಂದ ಅಲ್ಲಿಯವರೆಗಿನ ಇನ್ನೂರು ಚಿಲ್ಲರೆ ಕಿಲೋಮೀಟರು ಯಾವ ಹೋಲಿಕೆಯಲ್ಲೂ ಬರುವುದಿಲ್ಲ. ಎರಡು ಮನೆಯವರೂ ಸಂಜೆಯೇ ಬಾಡಿಗೆಯ ಗಾಡಿ ಮಾಡಿಕೊಂಡು, ಮೇಲೆ ಪೆಟ್ಟಿಗೆ ಕಟ್ಟಿ, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು, ಹುಮನಾಬಾದಿನಲ್ಲಿ ಹೆದ್ದಾರಿ ಹಿಡಿದು, ಜಹೀರಾಬಾದಿನ ಧಾಬಾದಲ್ಲಿ ಚಹಾ ಕುಡಿದು, ಬೆಳಗಿನ ಜಾವದ ವಿಮಾನಕ್ಕಾಗಿ ನಡುರಾತ್ರಿ ಬಾಗಿಲಿಗೆ ಹೋಗಿ ನಿಂತವರು. ಶಂಷಾಬಾದಿನಿಂದ ದುಬೈಗಾಗಲಿ ದೋಹಾಗಾಗಲಿ ಸುಮಾರು ನಾಲ್ಕು ತಾಸು. ಕಲಬುರಗಿಯಿಂದ ಶಂಷಾಬಾದಿಗೂ ಹೆಚ್ಚೂಕಡಿಮೆ ಅಷ್ಟೇ. ಎಮಿರೇಟ್ಸ್ ಆಯ್ದ ಊರುಗಳಲ್ಲಿ, ಗೊತ್ತುಮಾಡಿದ ದೂರದೊಳಗೆ, ಬಿಜಿನೆಸ್ ಕ್ಲಾಸಿನವರ ಮನೆಗೇ ಕಾರು ಕಳಿಸುತ್ತದೆಂದು ಓದಿ ದುಬೈ ಬೀಗರು ತಮ್ಮ ಮಿಲ್ಲಿನ ವಿಳಾಸ ಬರೆದಿದ್ದರಂತೆ. ಆ ದೂರ ಜಹೀರಾಬಾದನ್ನೂ ಮುಟ್ಟುವುದಿಲ್ಲವೆಂದು ಮಗ ತಿಳಿಸಿ ಹೇಳಬೇಕಾಯಿತು.

ಹಾಗೆಂದು ನಮ್ಮಲ್ಲಿ ವಿಮಾನ ನಿಲ್ದಾಣವಿಲ್ಲವೇ? ಶ್ರೀನಿವಾಸ ಸರಡಗಿಯಲ್ಲಿ 2008ರಲ್ಲಿ ಅಡಿಗಲ್ಲು ಬಿದ್ದು, ಹನ್ನೊಂದು ವರ್ಷದ ಮೇಲೆ, 2019ರ ನವೆಂಬರ್ 22ರಂದು ಉದ್ಘಾಟನೆಯಾದ ನಿಲ್ದಾಣವಿದೆ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇದೆ. ಬೆಂಗಳೂರಿಗೆ, ದೆಹಲಿಯ ಮಗ್ಗುಲಿನ ಹಿಂಡನ್ನಿಗೆ, ತಿರುಪತಿಗೆ ಎಂದು ವಿಮಾನಗಳೂ ಬಂದವು; ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ಮೂರು ವರ್ಷದ ಸಹಾಯಧನದ ಕಾಲ ಕಳೆದಂತೆ ಒಂದೊಂದಾಗಿ ನಿಂತೂ ಹೋದವು. ಬೀದರಿನವರ ಕಥೆಯೂ ಇದೇ, 2020ರ ಫೆಬ್ರುವರಿಯಲ್ಲಿ ಬಂದದ್ದು ನಿಂತು, ಮತ್ತೆ ಬಂದು, ಮತ್ತೆ ನಿಂತು. ಘೋಷಣೆಯಲ್ಲೇ ಉಳಿದ ನಮ್ಮ ರೈಲ್ವೆ ವಿಭಾಗದ ಮಾತನ್ನು ಇಲ್ಲಿ ಎತ್ತುವುದಿಲ್ಲ, ಎತ್ತಿದರೆ ಈ ಅಂಕಣ ಮುಗಿಯುವುದಿಲ್ಲ.

ಈ ವಿಷಯವನ್ನು ನಾನು ಕೆರೆಯ ದಂಡೆಯಲ್ಲಿ ಎತ್ತಿದ್ದೇ ತಪ್ಪಾಯಿತು. ಎರಡೂ ಪಕ್ಷದವರಿಗೆ ತಕ್ಷಣ ಊರಭಿಮಾನ ಉಕ್ಕಿ, ಮನವಿ ಪತ್ರ ಕೊಡಬೇಕೆಂದು ನಿಶ್ಚಯಿಸಿದರು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಮರಳಲು ಒಂದು ಖಾಯಂ ವಿಮಾನ ಕೇಳುತ್ತಾರೆಂದು ನಾನು ತಿಳಿದಿದ್ದೆ. ಬರೆದದ್ದು ಎರಡು ಮನವಿಗಳು: ಒಂದರಲ್ಲಿ ಕಲಬುರಗಿಯಿಂದ ದುಬೈಗೆ ನೇರ ವಿಮಾನ ಬೇಕೆಂದಿತ್ತು, ಇನ್ನೊಂದರಲ್ಲಿ ದೋಹಾಗೆ. ಎರಡಕ್ಕೂ ಒಂದೇ ದಿನ ಹಾರ ಹಿಡಿದುಕೊಂಡು ಹೋಗಿ ಫೋಟೊ ತೆಗೆಸಿಕೊಂಡು ಬಂದರು. ಮನವಿ ಸ್ವೀಕರಿಸಿದವರು ಎರಡನ್ನೂ ಗಮನವಿಟ್ಟು ಓದಿ, "ಮೊದಲು ನೀವು ನೀವು ಮಾತಾಡಿ ಒಂದು ಮಾಡ್ಕೊಂಡು ಬರ್ರಿ" ಎಂದರಂತೆ. ಅವರು ಆಡಳಿತದಲ್ಲಿ ಮುಂದೆ ಬರುತ್ತಾರೆ.

ಕಳೆದ ವಾರ ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮಗ, ಸೊಸೆ ಊರಿಗೆ ಬಂದರು. ಯಾವ ವಿಮಾನವೆಂದು ಇಬ್ಬರು ಬೀಗರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅಪ್ಪ ಅಮ್ಮಂದಿರ ಟಿಕೆಟ್ಟಿನ ಕಂತು ಇನ್ನೂ ತೀರದ ಕಾರಣ ದಂಪತಿಗಳು ಮೂರನೆಯದೊಂದು ಸಂಸ್ಥೆಯ ಸಾಮಾನ್ಯ ದರ್ಜೆಯಲ್ಲಿ, ಎರಡು ಕಡೆ ವಿಮಾನ ಬದಲಿಸಿ ಬಂದಿದ್ದರು. ಕರೆತರಲು ಎರಡು ಮನೆಯವರೂ ಸೇರಿ ಶಂಷಾಬಾದಿಗೆ ಒಂದೇ ಕ್ರೂಸರ್ ಗಾಡಿ ಮಾಡಿದ್ದೆವು. ಡ್ರೈವರನ ಪಕ್ಕದ ಸೀಟನ್ನು ಯಾರಿಗೆ ಬಿಡಬೇಕೆಂಬ ಬಗ್ಗೆ ಅರ್ಧ ತಾಸು ಪರಸ್ಪರ ಉಪಚಾರ ನಡೆದು, ಕೊನೆಗೆ ಇಬ್ಬರು ಬೀಗರೂ ಅದರಲ್ಲಿ ಒತ್ತಿಕೊಂಡು ಕೂತರು. ಅಜ್ಜಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಯಾರನ್ನೂ ಕೇಳದೆ, ಹಿಂದಿನ ಸಾಲಿನ ನಡುಸೀಟಿಗೆ ಹೋದರು. ಪಂಚನಾದ ನನಗೆ ಪೆಟ್ಟಿಗೆಗಳ ಮಧ್ಯೆ ಜಾಗ ಸಿಕ್ಕಿತು. ಗಾಡಿಯ ಹಿಂಬಾಗಿಲು ಸರಿಯಾಗಿ ಹತ್ತುತ್ತಿರಲಿಲ್ಲವಾದ್ದರಿಂದ ಹುಮನಾಬಾದಿನವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದೆ.