ಗೋಡೆ ಮೇಲಿನ ಆರನೇ ಗ್ಯಾರಂಟಿ

ಸರ್ಕಾರ ಕೊಟ್ಟದ್ದು ಐದು ಗ್ಯಾರಂಟಿ. ಆರನೆಯದು ಅದಕ್ಕೂ ಮೊದಲಿನಿಂದ ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆ ಮೇಲಿದೆ: 'ನರದೌರ್ಬಲ್ಯ, ನಿರಾಸಕ್ತಿ, ಶೀಘ್ರಸ್ಖಲನ. ಗ್ಯಾರಂಟಿ ಚಿಕಿತ್ಸೆ. ಪ್ರತಿ ತಿಂಗಳ ಮೊದಲ ಭಾನುವಾರ, ಲಾಡ್ಜ್ ರೂಮ್ ನಂಬರ್ 7.' ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಔಷಧದ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ನಿಷೇಧಿಸಿದೆ. ಮೊದಲ ಸಲ ಶಿಕ್ಷೆಯಾದರೆ ಆರು ತಿಂಗಳವರೆಗೆ ಜೈಲು. ಕಾಯ್ದೆಗೆ ಎಪ್ಪತ್ತು ದಾಟಿತು. ಆಸಕ್ತಿ ಕುಂದಿರುವುದು ಅದನ್ನು ಜಾರಿ ಮಾಡಬೇಕಾದವರಿಗೇ ಇರಬೇಕು.

ರೂಮ್ ನಂಬರ್ 7ರ ವೈದ್ಯರು ನಾಡಿ ಹಿಡಿದ ಕೂಡಲೇ ಹೇಳಿಬಿಡುತ್ತಾರೆ: 'ಹಸ್ತಮೈಥುನದಿಂದ ನರ ಸತ್ತಿದೆ.' ವೀರ್ಯ ಹೋದರೆ ಬಲವೇ ಹೋಯಿತೆನ್ನುವ ಈ ಅಂಜಿಕೆಗೆ ಮನೋವೈದ್ಯರು 1960ರಲ್ಲೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟಾಗಿದೆ. ರೋಗ ಭಯದ್ದು, ಬಿಲ್ಲು ಮಾತ್ರ ಭಸ್ಮದ್ದು.

'ದಿನಾ ಯಾವ ಮಾತ್ರೆ ತಗೋತೀಯಪ್ಪಾ?' ಅಂತ ಮಾತ್ರ ಅವರು ಅಪ್ಪಿತಪ್ಪಿಯೂ ಕೇಳುವುದಿಲ್ಲ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಆಸೆ ತಗ್ಗಿಸುವುದು ಮಾಮೂಲಿ. (ಹಾಗಂತ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರು ಡೋಸ್ ಇಳಿಸಬಹುದು, ಖಿನ್ನತೆಯದೇ ಇನ್ನೊಂದು ಮಾತ್ರೆ ಬ್ಯುಪ್ರೊಪಿಯಾನ್‌ಗೆ ಬದಲಿಸಬಹುದು.) ತೀವ್ರ ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ, ಅದು ಏರಿದರೆ ಗಂಡಸಿನ ಹಾರ್ಮೋನ್ ಟೆಸ್ಟೋಸ್ಟಿರೋನ್ ಇಳಿಯುತ್ತದೆ. ಥೈರಾಯ್ಡ್ ಕುಂದಿದರೂ, ಗೊರಕೆಯ ನಡುವೆ ರಾತ್ರಿಯಿಡೀ ಉಸಿರು ಕಟ್ಟುತ್ತಿದ್ದರೂ, ದಿನಾ ಕ್ವಾರ್ಟರ್ ಇಳಿಸುತ್ತಿದ್ದರೂ ಆಸೆ ತಗ್ಗುವುದುಂಟು. ಟೆಸ್ಟೋಸ್ಟಿರೋನ್ ಪರೀಕ್ಷೆಗೆ ಬೆಳಿಗ್ಗೆ 10ರೊಳಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಏಕೆಂದರೆ ಸಂಜೆ ಹೊತ್ತಿಗೆ ಅದು ಸಹಜವಾಗಿಯೇ ಇಳಿದಿರುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಕೊಡಬೇಕು. ಲಾಡ್ಜ್ ವೈದ್ಯರು ಏಳುವುದೇ ಹನ್ನೊಂದಕ್ಕೆ.

ಇನ್ನು ಪೊಟ್ಟಣ. 'ಅಪ್ಪಟ ಗಿಡಮೂಲಿಕೆ' ಅರ್ಧ-ಮುಕ್ಕಾಲು ಗಂಟೆಯಲ್ಲೇ ಪವಾಡ ತೋರಿಸಿತೆಂದರೆ ಖುಷಿಪಡುವ ಮೊದಲು ಅನುಮಾನಪಡಿ. ಇಂಥವುಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧ) ಬೆರಕೆ ಸಿಕ್ಕಿರುವುದು ಹೊಸದೇನಲ್ಲ. ಅದು ರಕ್ತ ಹರಿಸುತ್ತದೆಯೇ ಹೊರತು ಆಸೆ ಹುಟ್ಟಿಸುವುದಿಲ್ಲ. ಎದೆನೋವಿಗೆ ಸಾರ್ಬಿಟ್ರೇಟ್ ತೆಗೆದುಕೊಳ್ಳುವವರು ಇದನ್ನೂ ನುಂಗಿದರೆ ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ.

ಹೆಂಗಸರಿಗೆ ಆ ಗೋಡೆಯಲ್ಲಿ ಜಾಗವೇ ಇಲ್ಲ. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ, ಮುಟ್ಟು ನಿಂತ ಮೇಲೆ, ಹೆಂಗಸರ ಹಾರ್ಮೋನ್ ಈಸ್ಟ್ರೋಜನ್ ಇಳಿದು ಒಳಗೆ ಒಣಗುತ್ತದೆ, ಸೇರುವಾಗ ನೋವಾಗುತ್ತದೆ, ನೋವಿಗೆ ಹೆದರಿ ಮನಸ್ಸೇ ಹಿಂಜರಿಯುತ್ತದೆ. ಸ್ತ್ರೀರೋಗ ತಜ್ಞರಲ್ಲಿ ಇದಕ್ಕೆ ಲೂಬ್ರಿಕೆಂಟ್, ಈಸ್ಟ್ರೋಜನ್ ಕ್ರೀಮು ಇವೆ. ಹಗಲೆಲ್ಲ ದುಡಿದು ರಾತ್ರಿ ಹನ್ನೊಂದಕ್ಕೆ ಪಾತ್ರೆ ಉಜ್ಜುವವಳದ್ದು ಬೇರೆಯೇ ಕೇಸು. ಆ ಪಾತ್ರೆಗಳನ್ನು ಗಂಡ ಉಜ್ಜಿದರೆ ಗುಣ ಕಾಣಬಹುದು, ಆದರೆ ಅದರಲ್ಲಿ ಯಾರಿಗೂ ಕಮಿಷನ್ ಇಲ್ಲ.